ಮರ್ಯಾದಸ್ಥರಿಗೆ ಮಾತ್ರ

ಹರಿಹರದಲ್ಲಿ ಕೆಲಸ ಸಿಕ್ಕ ಹೊಸದರಲ್ಲಿ ದಾವಣಗೆರೆಯ ಸರಸ್ವತಿ ನಗರದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆ. ಒಂದು ಗೇಟಿಗೆ ಬೋರ್ಡು ತೂಗುತ್ತಿತ್ತು: 'ಮರ್ಯಾದಸ್ಥರಿಗೆ ಮಾತ್ರ.'

"ಮದುವಿ ಆಗೈತೇನ್ರಿ?" ಮನೆಯೊಡತಿ ಅಜ್ಜಿ ಕೇಳಿದರು.

"ಇಲ್ರಿ."

"ಹಂಗಾದ್ರೆ ಬ್ಯಾಡ ಬಿಡ್ರಿ. ಬೋರ್ಡು ಓದಿಲ್ಲೇನು?"

ಇದು ನಾಲ್ಕನೇ ಮನೆ. ಸಿಟ್ಟಿನಿಂದ ಹೊರಬಂದರೆ ಬೀದಿ ನಲ್ಲಿಯಲ್ಲಿ ನೀರು ಸುರಿಯುತ್ತಿತ್ತು. ಕೊಡಗಳು ಸಾಲಾಗಿದ್ದವು, ಜನ ಯಾರೂ ಇರಲಿಲ್ಲ. ನೀರು ಪೋಲಾಗುವುದನ್ನು ನೋಡಲಾರದೆ ಒಂದೊಂದೇ ತುಂಬಿಸತೊಡಗಿದೆ.

ಅಜ್ಜಿ ಗೇಟಿನಿಂದಲೇ ಕೂಗಿದರು: "ಕಡೀ ಕೊಡ ನಂದು, ಮೊದ್ಲು ಅದನ್ನ ಹಿಡೀರಿ!"

"ಸಾಲು ಐತಲ್ರಿ ಅಜ್ಜಿ," ಅಂದೆ. ಹೇಗೂ ಮನೆ ಸಿಗೋದಿಲ್ಲ, ಇನ್ನು ಹೆದರಿಕೆ ಯಾಕೆ?

ಅವರ ಕೊಡವೂ ತುಂಬಿದ ಮೇಲೆ ತಿರುಗಿ ನೋಡಿದರೆ ಅಜ್ಜಿಯ ಕೈಯಲ್ಲಿ ಕೀಲಿ!

"ಬರ್ರಿ. ಬೋರ್ಡು ತೆಗೀತೀನಿ."

ಮನೆಯೊಳಗೆ ನಲ್ಲಿಯೇ ಇಲ್ಲ ಅಂತ ಗೊತ್ತಾದದ್ದು ಆಮೇಲೆ. ಮರುದಿನದಿಂದ ಸಾಲಿನ ಕೊನೆಗೆ ಈ ಮರ್ಯಾದಸ್ಥನದೂ ಒಂದು ಕೊಡ.