ಕೈ ಬೀಸಿದ ಬಿಳಿ ದೆವ್ವ

ಇಂಗ್ಲೆಂಡಿನ ಸ್ಟಾಕ್‌ಪೋರ್ಟ್ ಸ್ಟೇಷನ್ನಿನಿಂದ ಅಕ್ಕನ ಮನೆ ಹತ್ತೇ ನಿಮಿಷದ ದಾರಿ. ಆದರೆ ಇವತ್ತು ಹ್ಯಾಲೊವೀನ್ ಸಂಜೆ, ಮಕ್ಕಳು ದೆವ್ವದ ವೇಷ ಹಾಕಿ ಮನೆಮನೆಗೆ ಚಾಕೊಲೇಟ್ ಕೇಳಿಕೊಂಡು ಹೋಗುವ ಹಬ್ಬ. ನಡೆದುಹೋಗುವವರೇ ನಮ್ಮ ಕಾರನ್ನು ಹಿಂದೆ ಹಾಕುತ್ತಿದ್ದರು. ಬಾಗಿಲು ಬಾಗಿಲಿಗೂ ಕುಂಬಳಕಾಯಿಯ ದೀಪ. ರಸ್ತೆಯ ಎರಡೂ ಬದಿ ನಿಲ್ಲಿಸಿದ ಕಾರುಗಳು, ಅವುಗಳ ಸಂದಿಯಿಂದ ಚಾಕೊಲೇಟ್ ಬುಟ್ಟಿ ಹಿಡಿದು ಥಟ್ಟನೆ ಇಳಿಯುವ ಪುಟ್ಟ ದೆವ್ವಗಳು.

ಅಕ್ಕ ಮಕ್ಕಳ ಡಾಕ್ಟರು. ಮಗಳು ತನ್ವಿಯನ್ನು ಈ ಸಲ ತಾನೇ ಮನೆಮನೆಗೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದಳು. ಆಸ್ಪತ್ರೆಯಿಂದ ಹೊರಟು ಸ್ಟೇಷನ್ನಿನಲ್ಲಿ ನನ್ನನ್ನು ಹತ್ತಿಸಿಕೊಳ್ಳುವಷ್ಟರಲ್ಲೇ ತಡವಾಗಿತ್ತು.

"ಸ್ವಲ್ಪ ಬೇಗ ಹೋಗೇ, ತನ್ವಿ ಕಾಯ್ತಿರ್ತಾಳೆ," ಎಂದೆ.

"ಸುಮ್ನಿರು. ಕಪ್ಪು ಬಟ್ಟೆ ಹಾಕ್ಕೊಂಡಿರೋ ಮಕ್ಕಳು ಕಾಣೋದೇ ಇಲ್ಲ."

ಅವಳು ರೇಡಿಯೋ ಆಫ್ ಮಾಡಿ, ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಆ ಸಂದಿಗಳಲ್ಲಿ ಸಣ್ಣ ಕಾಲುಗಳನ್ನಷ್ಟೇ ಹುಡುಕುತ್ತಿದ್ದಳು.

ತಿರುವಿನಲ್ಲಿ ಮಕ್ಕಳ ಗುಂಪೊಂದಕ್ಕೆ ಕಾರು ನಿಲ್ಲಿಸಿದಳು. ಕೊನೆಯಲ್ಲಿದ್ದ ಬಿಳಿ ದೆವ್ವ ನಮ್ಮತ್ತ ತಿರುಗಿ ಜೋರಾಗಿ ಕೈ ಬೀಸಿತು. ದಾರಿ ಬಿಟ್ಟಿದ್ದಕ್ಕೆ ಥ್ಯಾಂಕ್ಸ್ ಇರಬೇಕು, ಎಂಥ ಶಿಸ್ತಿನ ಮಕ್ಕಳು ಎಂದುಕೊಂಡು ನಾನೂ ಬೀಸಿದೆ. ಅಕ್ಕನ ಕಣ್ಣು ಆಗಲೇ ಮುಂದಿನ ಸಂದಿಯಲ್ಲಿತ್ತು.

ಮನೆಯಲ್ಲಿ ಭಾವ ಒಬ್ಬರೇ ಇದ್ದರು. "ಕಾದೂ ಕಾದೂ ಪಕ್ಕದ ಮನೆಯವರ ಜೊತೆ ಹೋದ್ಲು," ಎಂದರು.

ತುಸು ಹೊತ್ತಿಗೆ ಬಾಗಿಲಲ್ಲಿ ಅದೇ ಬಿಳಿ ದೆವ್ವ. ಭಾವನ ಹಳೆಯ ಪಂಚೆಗೆ ಕಣ್ಣಿಗೆಂದು ಎರಡು ತೂತು. ಅಕ್ಕ ತಬ್ಬಿಕೊಳ್ಳಲು ಬಾಗಿದಳು. ಪಂಚೆಯೊಳಗಿಂದಲೇ ದನಿ ಬಂತು:

"ಅಮ್ಮಾ, ಐ ವೇವ್ಡ್. ಚಿಕ್ಕಮ್ಮ ವೇವ್ಡ್ ಬ್ಯಾಕ್. ಯೂ ಡಿಡಂಟ್."