ಮಗುಚಿ ಹಾಸಿದ ಹೆಜ್ಜೆಗಳು

ನನ್ನ ಚಿಕ್ಕಮ್ಮನಿಗೆ ಈಗ ಅರವತ್ತೆರಡು. ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವುದು ಅವಳ ಕೆಲಸ. ಅವಳ ಮೇಜಿನ ಪಕ್ಕದಲ್ಲೇ ಹೊಲಿಗೆ ಯಂತ್ರ ತುಳಿಯುವವನು ನಾನು. ದಿನವಿಡೀ ನಿಂತೇ ಇರುತ್ತಾಳೆ. ಅಳತೆ ತಪ್ಪಿದವರು ಅವಳ ನಾಲಗೆಗೆ ಸಿಕ್ಕರೆ ದೇವರೇ ಕಾಯಬೇಕು.

ಚಿಕ್ಕಪ್ಪನೂ ಅದೇ ಮೇಜಿನಲ್ಲಿ ಕತ್ತರಿ ಹಿಡಿದವರು. ಅವರಿಗೆ ಮಾತು ಬಲು ಕಡಿಮೆ. ಮದುವೆಯಾದ ಹೊಸದರಲ್ಲಿ ಯಾವುದೋ ಪತ್ರಿಕೆಯಲ್ಲಿ ಜೋಡಿ ಕುಣಿತದ ಹೆಜ್ಜೆಗಳ ಚಿತ್ರ ನೋಡಿದರಂತೆ. ಅಂಗಿಯ ಅಚ್ಚು ತೆಗೆಯುವ ದೊಡ್ಡ ಕಂದು ಹಾಳೆಯ ಮೇಲೆ ಆ ಹೆಜ್ಜೆಗಳನ್ನು ಬರೆದು, ಒಂದೊಂದನ್ನೂ ಕತ್ತರಿಸಿ ತೂತು ಮಾಡಿ, ನೆಲಕ್ಕೆ ಹಾಸಿ ಸೀಮೆಸುಣ್ಣದ ಗುರುತು ಹಾಕಿದರು. ಶನಿವಾರ ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ಮೇಜು ಸರಿಸಿ ಇಬ್ಬರೂ ಕುಣಿಯುತ್ತಿದ್ದರು. ಒಂದೆರಡು ದಿನವಲ್ಲ, ಇಪ್ಪತ್ತಾರು ವರ್ಷ. ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಎಂದು ಮೂಗು ಮುರಿಯುತ್ತಿದ್ದವನು ನಾನೇ.

ಚಿಕ್ಕಪ್ಪ ಹೋದ ಮೇಲೆ ಮೇಜು ಸರಿಯಲಿಲ್ಲ. ಎರಡು ವರ್ಷದಲ್ಲಿ ಚಿಕ್ಕಮ್ಮ ಕುಗ್ಗಿಹೋದಳು. ಅಂಗಡಿಯ ಮೆಟ್ಟಿಲಲ್ಲಿ ಒಂದೇ ತಿಂಗಳಲ್ಲಿ ಎರಡು ಸಲ ಬಿದ್ದಳು. ಇನ್ನೊಮ್ಮೆ ಬಿದ್ದರೆ ಕತ್ತರಿ ಕೆಳಗಿಡಬೇಕಾಗುತ್ತದೆ ಎಂದು ಅವಳಿಗೂ ಗೊತ್ತಿತ್ತು.

ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಅವಳನ್ನು ಒಂಟಿಕಾಲಲ್ಲಿ ನಿಲ್ಲಿಸಿದರು. ಮೂರು ಎಣಿಸುವಷ್ಟರಲ್ಲಿ ಗೋಡೆ ಹಿಡಿದಳು.

"ಇದಕ್ಕೆ ಮಾತ್ರೆ ಇಲ್ಲ. ನಿಮಗೆ ಏನು ಮಾಡೋದು ಇಷ್ಟ?"

"ಕುಣಿಯೋದು," ಎಂದ ಚಿಕ್ಕಮ್ಮ ಸಿಕ್ಕಿಬಿದ್ದ ಕಳ್ಳಿಯ ಹಾಗೆ ನನ್ನತ್ತ ನೋಡಿದಳು.

"ಹಾಗಾದ್ರೆ ಕುಣೀರಿ! ಕಾಲಿಗೆ ಬಲ ಬರುತ್ತೆ, ಆಯ ತಪ್ಪಲ್ಲ, ನಿದ್ದೆನೂ ಬರುತ್ತೆ. ಹೆಜ್ಜೆ ನೆನಪಿಟ್ಕೊಳ್ಳೋದ್ರಿಂದ ತಲೆಗೂ ಕೆಲಸ."

ಗ್ರಂಥಾಲಯದ ಮೇಲಿನ ಹಾಲ್‌ನಲ್ಲಿ ದೊಡ್ಡವರಿಗೆಂದೇ ಮಂಗಳವಾರ ಸಂಜೆ ಕುಣಿತದ ತರಗತಿ. ನಾನು ಅವಳ ಚೀಲ ಹಿಡಿದು ಗೋಡೆ ಪಕ್ಕ ಮುಖ ಗಂಟಿಕ್ಕಿಕೊಂಡು ಕೂತೆ. ನಿವೃತ್ತ ಅಂಚೆಯವರೊಬ್ಬರು ಅವಳಿಗೆ ಜೊತೆಯಾದರು. ಮೊದಲ ಹೆಜ್ಜೆಗೇ ಪಾಪ, ಅವರ ಕಾಲು ತುಳಿದಳು. ಎರಡನೆಯದಕ್ಕೂ ತುಳಿದಳು.

ಕಲಿಸುವಾಕೆ ಬಂದು ನೋಡಿ, "ಅಮ್ಮಾ, ನಿಮ್ಮದು ಪೂರ್ತಿ ಉಲ್ಟಾ ಇದೆ. ಎಡ ಹೋಗಬೇಕಾದ ಕಡೆ ಬಲ ಹೋಗ್ತಿದೆ. ಯಾರು ಕಲಿಸಿದ್ದು?" ಎಂದರು.

ಚಿಕ್ಕಮ್ಮ ತನ್ನ ಕಾಲನ್ನೇ ನೋಡಿಕೊಂಡಳು. ಆಮೇಲೆ ನಗತೊಡಗಿದವಳು ನಿಲ್ಲಿಸಲೇ ಇಲ್ಲ. ಬಟ್ಟೆಯ ಒಳಮಗ್ಗುಲಿಗೆ ಗುರುತು ಹಾಕಬೇಕೆಂದು ಅಚ್ಚನ್ನು ಮಗುಚಿ ಇಡುವುದು ಚಿಕ್ಕಪ್ಪನ ಕೈಗೆ ಅಂಟಿದ ಅಭ್ಯಾಸ. ಹೆಜ್ಜೆಯ ಹಾಳೆಯನ್ನೂ ಮಗುಚಿಯೇ ಹಾಸಿಬಿಟ್ಟಿದ್ದರು! ಕಾಲು ಎಡಬಲ ತಿರುಗಿದ ಮೇಲೆ ಹೆಗಲ ಮೇಲಿಡುವ ಕೈಯೂ ತಿರುಗಿತ್ತು. ಮುಚ್ಚಿದ ಬಾಗಿಲ ಹಿಂದೆ ಇಬ್ಬರೇ ಕುಣಿದವರಿಗೆ ತಪ್ಪೆಂದು ಹೇಳುವವರಾದರೂ ಯಾರಿದ್ದರು? ನಗುತ್ತಲೇ ಬಸ್ ಹತ್ತಿದ ಚಿಕ್ಕಮ್ಮ ಎರಡನೇ ನಿಲ್ದಾಣ ಬರುವಷ್ಟರಲ್ಲಿ ಅಳುತ್ತಿದ್ದಳು.

ಮುಂದಿನ ಮಂಗಳವಾರ ಹೊರಡಲಿಲ್ಲ.

"ಹಳೇದು ಮರೀಬೇಕಂತೆ," ಎಂದಳು. "ಅವರ ಫೋಟೋ ಗೋಡೆ ಮೇಲಿದೆ, ಅಂಗಿ ಬೀರುವಿನಲ್ಲಿದೆ. ಆದ್ರೆ ಅವರ ಜೊತೆ ಕುಣಿದದ್ದು ನನ್ನ ಕಾಲಲ್ಲಿ ಮಾತ್ರ ಇದೆ ಕಣೋ. ಅದನ್ನೂ ಅಳಿಸ್ಕೊಳ್ಳಲಾ?"

"ಬಿದ್ದು ಸೊಂಟ ಮುರ್ಕೊಂಡ್ರೆ ಯಾರ ಹೆಜ್ಜೆನೂ ಉಳಿಯಲ್ಲ," ಎಂದು ರೇಗಿದೆ. ಮೃದುವಾಗಿ ಹೇಳಬಹುದಿತ್ತು. ನನಗೆ ಆ ಬುದ್ಧಿ ಯಾವಾಗಲೂ ತಡವಾಗಿ ಬರುತ್ತದೆ.

ಹೋದಳು. ಹಟ ಹಿಡಿದು ಕಲಿತಳು. ಐದು ತಿಂಗಳಲ್ಲಿ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುವುದನ್ನು ಬಿಟ್ಟಳು. ರಾತ್ರಿ ಕಣ್ಣು ತುಂಬ ನಿದ್ದೆ ಬರುತ್ತಿದೆಯೆಂದಳು. ಬಟ್ಟೆ ಕತ್ತರಿಸುವಾಗ ಗುನುಗುವ ಅಭ್ಯಾಸ ಮರಳಿತು. ಡಾಕ್ಟರಮ್ಮನ ಮುಂದೆ ಒಂಟಿಕಾಲಲ್ಲಿ ಮೂವತ್ತು ಎಣಿಸುವವರೆಗೆ ನಿಂತಳು. ನಾನು ಗೆದ್ದೆ ಎಂದುಕೊಂಡೆ.

ಒಂದು ಶನಿವಾರ ಕನ್ನಡಕ ಮರೆತು ಅಂಗಡಿಗೆ ವಾಪಸು ಬಂದೆ. ಮೇಜು ಸರಿದಿತ್ತು. ಚಿಕ್ಕಮ್ಮ ಒಬ್ಬಳೇ ಗಾಳಿಯಲ್ಲಿ ಕೈ ಚಾಚಿ ನಿಂತಿದ್ದಳು. ಎರಡು ಹೆಜ್ಜೆ ಇಟ್ಟಳು, ತಡೆದಳು. ಮತ್ತೆ ಮೊದಲಿನಿಂದ ಎರಡು ಹೆಜ್ಜೆ.

"ಬರ್ತಿಲ್ಲ," ಎಂದಳು, ನನ್ನನ್ನು ಕಂಡು. "ಮೂರನೇದಕ್ಕೆ ಕಾಲು ಮಂಗಳವಾರದ ಕಡೆಗೇ ಹೋಗ್ತಿದೆ."

ಗೆದ್ದದ್ದು ಏನನ್ನು ಎಂದು ಆಗ ಗೊತ್ತಾಯಿತು. ಅಂಗಡಿಯ ಬೀರುವಿನ ಹಿಂದೆ ಸುತ್ತಿಟ್ಟಿದ್ದ ಕಂದು ಹಾಳೆಯನ್ನು ಎಳೆದು ತಂದೆ.

"ನಿನಗೆ ಕುಣಿಯೋಕೆ ಬರಲ್ವಲ್ಲೋ," ಎಂದಳು.

"ಏನೂ ಬರಲ್ಲ."

"ಸರಿಯಾದದ್ದೂ ಬರಲ್ವಾ?"

"ಅದೂ ಬರಲ್ಲ."

"ಒಳ್ಳೇದಾಯ್ತು ಬಿಡು."

ನಾನು ಹಾಸಿದ ಹಾಳೆಯನ್ನು ಅವಳೇ ಬಗ್ಗಿ ಮಗುಚಿದಳು. ತೂತುಗಳ ಮೂಲಕ ಇಬ್ಬರೂ ಸೀಮೆಸುಣ್ಣ ಉಜ್ಜಿ, ಹಾಳೆ ಎತ್ತಿದೆವು. ಮೊದಲ ಸುತ್ತಿನಲ್ಲಿ ನಾನು ಅವಳ ಕಾಲು ತುಳಿದೆ. ಬೈಸಿಕೊಂಡೆ. ನಾಲ್ಕನೇ ಸುತ್ತಿಗೆ ಅವಳು ಕೆಳಗೆ ನೋಡುವುದನ್ನು ಬಿಟ್ಟು, ಬಲಗೈಯನ್ನು ನನ್ನ ಎಡ ಹೆಗಲ ಮೇಲಿಟ್ಟು ಕಣ್ಣು ಮುಚ್ಚಿದಳು. ಮೂರನೇ ಹೆಜ್ಜೆ ದಾಟಿತು.

"ಹೆಗಲು ಸ್ವಲ್ಪ ಮೇಲೆ ಮಾಡೋ," ಎಂದಳು ಕಣ್ಣು ತೆರೆಯದೆ. "ಅವರು ನಿನಗಿಂತ ಎತ್ತರ ಇದ್ರು."