ಹೆಚ್ಚಿಗೆ ಕಟ್ಟಿದ ಮುದ್ದೆ

ಕುದಿಯುವ ಎಸರಿಗೆ ರಾಗಿ ಹಿಟ್ಟು ಬಿದ್ದಾಗ ಏಳುವ ವಾಸನೆ ನಿಮಗೂ ಗೊತ್ತಿರಬಹುದು. ಇವತ್ತು ಸಂಜೆ ಹಾಸನದ ನನ್ನ ಬಾಡಿಗೆ ಮನೆಯಲ್ಲಿ ಆ ವಾಸನೆ ಏಳುವುದಕ್ಕೂ ಹೊರಗೆ ಯಾವುದೋ ಗಾಡಿ ಗಕ್ಕನೆ ಬ್ರೇಕ್ ಹಾಕುವುದಕ್ಕೂ ಸರಿಹೋಯಿತು. ಮುದ್ದೆ ಬಿಟ್ಟು ಓಡಿ ಬಾಗಿಲ ಚಿಲಕ ಹಾಕಿದೆ. ಚಿಲಕದ ತುಂಬ ಹಿಟ್ಟು. ಈ ಎರಡೂ ಒಟ್ಟಿಗೆ ಬಂದರೆ ನನಗೆ ಈಗಲೂ ಹೀಗೇ ಆಗುತ್ತದೆ.

ಗೊರೂರಿನ ನೀರಾವರಿ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಆ ಸಾಲಿನಲ್ಲಿ ಕ್ರೈಸ್ತರ ಮನೆ ಅದೊಂದೇ. ಅವ್ವ ದಿನವೂ ಒಂದು ಮುದ್ದೆ ಹೆಚ್ಚಿಗೆ ಕಟ್ಟಿ, ಒಂದು ತಟ್ಟೆ ಹೆಚ್ಚಿಗೆ ಹಾಕಿ, ಬೀದಿ ಬಾಗಿಲು ತೆರೆದಿಟ್ಟು, ಪಕ್ಕದ ಮನೆಯವರನ್ನು ಕರೆದ ಹಾಗೆ ಕರೆಯುತ್ತಿದ್ದಳು: “ಸ್ವಾಮಿ, ಅಡುಗೆ ಆಗೈತೆ, ಬಾ.” ಊಟದ ಪ್ರಾರ್ಥನೆ ಅಷ್ಟೇ. ಮೀನು ಮಾರುವವನು ಬಂದು ಉಂಡಿದ್ದಾನೆ, ಮಲ್ಲಿಪಟ್ಟಣದ ಬಸ್ಸು ತಪ್ಪಿಸಿಕೊಂಡವರು ಉಂಡಿದ್ದಾರೆ. ಯಾರೂ ಬಾರದಿದ್ದರೆ ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ ನನಗೆ. ಯೇಸುಸ್ವಾಮಿಯ ಪಾಲನ್ನು ಎಲ್ಲರಿಗಿಂತ ಹೆಚ್ಚು ತಿಂದವಳು ನಾನೇ. ಮೈ ನೋಡಿದರೆ ತಿಳಿಯುತ್ತದೆ. ಎಂ.ಎ. ಮುಗಿದ ಮೇಲೆ ನನಗೆ ಬುದ್ಧಿ ಬಂತು. “ಸೊಳ್ಳೆ ಬರ್ತವೆ ಅವ್ವ. ಬರೋನು ಬೆಲ್ ಒತ್ತಲಿ” ಎಂದೆ.

“ಬೆಲ್ ಒತ್ತೋಕೆ ಅವ್ನೇನು ಕೊರಿಯರ್‌ನೋನಾ?” ಎಂದಳು.

ಒಂದು ಸಲ ನಾನು ರಜೆಗೆ ಊರಿಗೆ ಬಂದಿದ್ದೆ. ಮುಸ್ಸಂಜೆ, ಅವ್ವ ಆಗಷ್ಟೇ ಮುದ್ದೆ ಕಟ್ಟಿ ತಟ್ಟೆ ಹಾಕಿದ್ದಳು. ಅಪ್ಪ ಅಣೆಕಟ್ಟೆಯ ಕೆಲಸಕ್ಕೆ ಹೋಗಿದ್ದ. ಬ್ರೇಕಿನ ಕಿರುಚು, ಕೂಗಾಟ, ಅದರ ಹಿಂದೆಯೇ ಒಬ್ಬ ತೆರೆದ ಬಾಗಿಲಿನಿಂದ ನುಗ್ಗಿ ಗೋಡೆಗೆ ಒತ್ತಿಕೊಂಡು ನಿಂತ. ಅವನ ಟೆಂಪೊ ನಮ್ಮ ಹಿಂದಿನ ಬೀದಿಯ ಜವರಣ್ಣನ ಅಪ್ಪನ ಸೈಕಲ್ಲಿಗೆ ಬಡಿದಿತ್ತು. ಮುದುಕನನ್ನು ಆಟೊದಲ್ಲಿ ಹಾಸನದ ಆಸ್ಪತ್ರೆಗೆ ಕಳಿಸಿ, ಜವರಣ್ಣ ಜನ ಕಟ್ಟಿಕೊಂಡು ದೊಣ್ಣೆ ಹಿಡಿದು ಬರುತ್ತಿದ್ದ.

ನಾನು ಚಿಲಕಕ್ಕೆ ಕೈ ಹಾಕಿದೆ. “ಬುಡು. ಹಾಕುದ್ರೆ ಮುರ್ಕೊಂಡು ಬತ್ತಾರೆ” ಎಂದು ಅವ್ವ ಅವನನ್ನು ಆ ಹೆಚ್ಚಿನ ತಟ್ಟೆಯ ಮುಂದೆ ಕೂರಿಸಿ ಸಾರು ಬಿಟ್ಟಳು. “ತುತ್ತು ಮುರಿಯಪ್ಪ.”

ಜವರಣ್ಣ ಹೊಸ್ತಿಲಿಗೆ ಬಂದ. “ಅವನ್ನ ಈಚೆಗೆ ಕಳ್ಸವ್ವ.”

“ಉಣ್ತಾವ್ನೆ ಕಣಪ್ಪ.”

ನಮ್ಮ ಕಡೆ ಉಣ್ಣುತ್ತ ಕೂತವರನ್ನು ಯಾರೂ ಎಬ್ಬಿಸುವುದಿಲ್ಲ. ಜಗಳಕ್ಕೆ ಬಂದವರೂ ಕಾಯುತ್ತಾರೆ. “ಉಣ್ಲಿ. ಉಂಡ್ಮೇಲೆ ಎದ್ದೇಳ್ಬೇಕಲ್ಲ” ಎಂದು ಜವರಣ್ಣ ದೊಣ್ಣೆ ಊರಿ ನಿಂತ. ಅಡುಗೆಮನೆಯಿಂದ ಪೊಲೀಸರಿಗೆ ಫೋನ್ ಮಾಡಿದೆ. ಅವರು ಬರುವವರೆಗೆ ಆ ಮುದ್ದೆ ಮುಗಿಯಬಾರದಿತ್ತು.

ಅವನು ಬೀದರ್ ಕಡೆಯವನು, ಜೋಳದ ರೊಟ್ಟಿ ತಿಂದು ಬೆಳೆದವನು. ಮುದ್ದೆಯನ್ನು ಅಗಿಯತೊಡಗಿದ. ಅಗಿದಷ್ಟೂ ಅದು ಹಲ್ಲಿಗೆ ಮೆತ್ತಿಕೊಂಡಿತು. ಕಣ್ಣೀರು ಇಳಿಯಿತು, ಮುದ್ದೆ ಇಳಿಯಲಿಲ್ಲ. “ಹ್ಯಾಂಗ ತಿನ್ನಬೇಕ್ರಿ ಇದನ್ನ?” ಎಂದು ಅವ್ವನನ್ನು ಕೇಳಿದ.

ಜವರಣ್ಣನಿಗೆ ನೋಡುತ್ತ ನಿಲ್ಲಲಾಗಲಿಲ್ಲ. “ಲೇ, ಮುದ್ದೆ ಅಗೀತಾರೇನ್ಲಾ? ಸಾರ್ನಲ್ಲಿ ಅದ್ದಿ ನುಂಗ್ಲಾ.”

“ಸಣ್ಣ ತುತ್ತು ಮುರ್ಕೊ” ಎಂದರು ಹಿಂದಿನಿಂದ ಯಾರೋ. “ನೀರ್ ಕೊಡವ್ವ ಅವುಂಗೆ, ಗಂಟ್ಲಿಗೆ ಸಿಗಾಕ್ಕೊಂಡು ಸತ್ತಾನು” ಎಂದ ಇನ್ನೊಬ್ಬ. ಅವನ ಕೈಯಲ್ಲೂ ದೊಣ್ಣೆಯಿತ್ತು.

ಅರ್ಧ ಮುದ್ದೆ ಇಳಿಯುವ ಹೊತ್ತಿಗೆ ಜವರಣ್ಣನಿಗೆ ಆಟೊದಲ್ಲಿ ಹೋದವರ ಫೋನು ಬಂತು. ಮುದುಕನ ಕಾಲು ಮುರಿದಿದೆ, ಆದರೆ ಮಾತಾಡುತ್ತಿದ್ದಾನೆ. ಜವರಣ್ಣ ಹೊಸ್ತಿಲಲ್ಲೇ ಕುಸಿದು ಕೂತ. ಸ್ವಲ್ಪ ಹೊತ್ತಿಗೆ ಜೀಪು ಬಂತು. ಚಾಲಕನನ್ನು ಕರೆದೊಯ್ಯುವಾಗ ಜನ ದಾರಿ ಬಿಟ್ಟರು. ಅವ್ವ ತನ್ನ ಪಾಲಿನ ಮುದ್ದೆಯನ್ನು ಜವರಣ್ಣನ ಮುಂದಿಟ್ಟಳು. “ಆಸ್ಪತ್ರೆಗೆ ಹಸ್ಕೊಂಡು ಓಗ್ಬ್ಯಾಡ.” ಅವನು ತಲೆ ಎತ್ತದೆ ಉಂಡ.

ಎಲ್ಲರೂ ಹೋದ ಮೇಲೆ ಕೇಳಿದೆ: “ಇವತ್ತು ಸ್ವಾಮಿ ಯಾರಾಗಿ ಬಂದಿದ್ದ ಅವ್ವ? ಒಳಗೆ ಬಂದೋನಾ, ಹೊಸ್ತಿಲಲ್ಲಿ ನಿಂತೋನಾ?”

“ನಂಗೇನ್ ಗೊತ್ತೇ? ಮುದ್ದೆ ಸಾಲ್ನಿಲ್ಲ ಅಷ್ಟೇ. ನಾಳೆಯಿಂದ ಎಲ್ಡು ಜಾಸ್ತಿ ಕಟ್ಟಾನ.”

ಇವತ್ತು ಕಿಟಕಿಯಿಂದ ಇಣುಕಿದೆ. ಹಾಲಿನ ವ್ಯಾನೊಂದು ನಾಯಿಗೆ ದಾರಿ ಬಿಟ್ಟು ನಿಂತಿತ್ತು. ಹಿಟ್ಟು ಮೆತ್ತಿದ ಚಿಲಕ ಸರಿಸಿ ಬಾಗಿಲನ್ನು ಅಗಲವಾಗಿ ತೆರೆದಿಟ್ಟೆ. ನನಗೊಂದು ಮುದ್ದೆ ಕಟ್ಟಿ, ಇನ್ನೆರಡು ಹೆಚ್ಚಿಗೆ ಕಟ್ಟಿದೆ. ಮೊದಲು ಸೊಳ್ಳೆಗಳು ಬಂದವು. ಬರಲಿ ಎಂದುಕೊಂಡು, ಪಕ್ಕದ ಮನೆಗೂ ಕೇಳಿಸುವಷ್ಟು ಗಟ್ಟಿಯಾಗಿ ಕರೆದೆ:

“ಸ್ವಾಮಿ, ಅಡುಗೆ ಆಗೈತೆ, ಬಾ.”